ಗುಂಡಣ್ಣ ನಿಲ್ಲಲಿಲ್ಲ

ಬಾ ಇಲ್ಲಿ, ಈ ಕಡೆ ಒತ್ಕೊಂಡು ಮಲಕ್ಕೋ. ಬೆಳಗ್ಗೆ ಬೇಗ ಏಳ್ಬೇಕು, ನಾಳೆ ನಿಮ್ಮತ್ತೆ ಊರಿಗೆ ಹೋಗ್ಬೇಕು, ಅವಳ ಮಗೂನ ತೊಟ್ಟಿಲಿಗೆ ಹಾಕ್ತಾರೆ. ಅಜ್ಜಿ ಮುಖ ಯಾಕೆ ಹಿಂಗೈತೆ ಅಂತೀಯಾ? ಕೋಪ ಬಂದೈತೆ ಕಣವ್ವ. ನಿನ್ನ ಮೇಲಲ್ಲ. ಹೊರಗೆ ಟಿವಿ ಮುಂದೆ ಕಾಲು ಚಾಚ್ಕೊಂಡು ಕೂತವ್ನಲ್ಲ ನಿಮ್ಮಪ್ಪ, ಅವನ ಮೇಲೆ. ಸಾಯಂಕಾಲ ಕಾರಿಗೆ ಸಾಮಾನು ತುಂಬಿದ್ದು ನೋಡ್ದೆ. ಹಿಂದಿನ ಸೀಟಿನ ಬೆನ್ನ ಮೇಲೆ, ಗಾಜಿನ ಹತ್ರ, ನೀನು ಕೂತ್ಕೊಳ್ಳೋ ಜಾಗಕ್ಕೆ ಸರಿಯಾಗಿ ಒರಳಿನ ಗುಂಡು ಇಟ್ಟವ್ನೆ. ತೆಗಿಯೋ ಅಂದ್ರೆ, ಏನೂ ಆಗಲ್ಲ ಸುಮ್ನಿರಮ್ಮ ಅಂದ. ಏನೂ ಆಗಲ್ವಂತೆ. ಅದಕ್ಕೇ ಇವತ್ತು ಕತೆ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಕೇಳಬೇಕಾದೋರಿಗೆ ಕೇಳಲಿ. ನೀನು ಹೂಂ ಅಂತಿರು.

ಒಂದಾನೊಂದು ಕಾಲದಲ್ಲಿ, ತೀರಾ ರಾಜರ ಕಾಲ ಅಲ್ಲ, ಎತ್ತಿನ ಗಾಡಿ ಹೋಗ್ತಾ ಕಾರು ಬರ್ತಾ ಇದ್ದ ಕಾಲದಲ್ಲಿ, ಒಂದು ಗುಡ್ಡದ ತಪ್ಪಲಲ್ಲಿ ದೇವೀರಮ್ಮ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಬಾಡಿಗೆ ಗಾಡಿ ಹೊಡೀತಿದ್ದನಂತೆ. ಬೆಲ್ಲ ಹೇರಲಿ, ಭತ್ತ ಹೇರಲಿ, ಹುಲ್ಲು ಹೇರಲಿ, ದಾರೀಲಿ ಒಂದು ಕಡ್ಡಿ ಉದುರ್ತಿರಲಿಲ್ವಂತೆ. ಅವನು ಹಗ್ಗದ ಈ ತುದಿ ಎಳೆದ್ರೆ ಆ ತುದಿ ಹಿಡ್ಕೊಳ್ಳೋಳು ದೇವೀರಮ್ಮ. ಗಾಡಿ ನಿಂತ್ರೂ ಹೇರು ನಿಲ್ಲಲ್ಲ ಕಣೇ ಅಂತ ದಿನಾ ಹೇಳೋನಂತೆ ಗಂಡ. ಅವರಿಗೆ ಮೂರು ಜನ ಗಂಡುಮಕ್ಕಳು, ಒಬ್ಬಳು ಮಗಳು. ಅಪ್ಪ ಸತ್ತ ಮೇಲೆ ಗಂಡುಮಕ್ಕಳು ಮೂರೂ ಜನ ಸೇರ್ಕೊಂಡು ಎತ್ತು, ಗಾಡಿ ಎರಡನ್ನೂ ಮಾರಿ, ಯಾರೋ ಓಡಿಸಿ ಬಿಟ್ಟಿದ್ದ ಒಂದು ಬಿಳೀ ಕಾರು ತಂದ್ರಂತೆ. ಆಮೇಲೆ ಅವರ ನಡಿಗೆ ನೋಡ್ಬೇಕಿತ್ತು. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ದ ಅಂತಾರಲ್ಲ, ಹಂಗೆ. ಗಾಡಿ ಜೊತೆ ಹಗ್ಗಾನೂ ಕೊಟ್ಟುಬಿಡೋಣ ಅಂದಿದ್ರಂತೆ. ದೇವೀರಮ್ಮ ಕೊಡಲಿಲ್ಲ. ಹಗ್ಗ ಎತ್ತಿ ಮಂಚದ ಕೆಳಗೆ ಇಟ್ಕೊಂಡ್ಲಂತೆ.

ಆಮೇಲೆ ಮಗಳು ಬಾಣಂತನಕ್ಕೆ ತವರಿಗೆ ಬಂದ್ಲು, ಗಂಡು ಕೂಸು ಹೆತ್ತಳು. ಅವರ ಮನೇಲೂ ನಮ್ಮ ಹಂಗೇ ಪದ್ಧತಿ. ಕೂಸನ್ನ ತೊಟ್ಟಿಲಿಗೆ ಹಾಕೋಕೆ ಮುಂಚೆ ಒರಳಿನ ಗುಂಡಿಗೆ ಎಣ್ಣೆ ಹಚ್ಚಿ, ನೀರು ಹುಯ್ದು, ಕುಲಾವಿ ಹಾಕಿ, ಮೊದಲು ಅದನ್ನೇ ತೊಟ್ಟಿಲಲ್ಲಿ ಮಲಗಿಸೋದು. ಅವನು ಗುಂಡಣ್ಣ, ಕೂಸಿಗೆ ಅಣ್ಣ. ತಮ್ಮನೂ ಅವನ ಹಂಗೆ ಗಟ್ಟಿಯಾಗಲಿ ಅಂತ. ಆ ಕೂಸು ಅಪ್ಪನ ಮನೆಗೆ ಹೊರಟಾಗ ತೊಟ್ಟಿಲೂ ಗುಂಡಣ್ಣನೂ ಜೊತೇಲೇ ಹೋಗಬೇಕಂತೆ.

ಐದನೇ ತಿಂಗಳಲ್ಲಿ ಕಳಿಸ್ಕೊಡೋ ದಿನ ಬಂತು. ಮಗಳ ಊರು ಗುಡ್ಡದ ಆ ಕಡೆ. ಸಾಮಾನು ಅಂದ್ರೆ ತೊಟ್ಟಿಲು, ಸ್ನಾನದ ತಾಮ್ರದ ಹಂಡೆ, ಎರಡು ಮೂಟೆ ಅಕ್ಕಿ, ಗುಂಡಣ್ಣ. ಮೂರು ಜನ ಅಣ್ಣತಮ್ಮಂದಿರು ಕೆಲಸ ಹಂಚ್ಕೊಂಡ್ರಂತೆ. ದೇವೀರಮ್ಮ ಮಂಚದ ಕೆಳಗಿಂದ ಹಗ್ಗ ತಂದು ಕೊಟ್ರೆ ದೊಡ್ಡೋನು ಅದನ್ನ ಎರಡು ಬೆರಳಲ್ಲಿ ಹಿಡ್ಕೊಂಡು ನೋಡಿ, ಬೀಗರ ಬೀದೀಲಿ ಇದು ಕಂಡ್ರೆ ನಮ್ಮ ಮರ್ಯಾದೆ ಏನಾಗಬೇಡ ಅಂತ ಜಗಲಿಗೆ ಎಸೆದ್ನಂತೆ. ಅವಳು ಎತ್ಕೊಂಡು ಸುತ್ತಿ ತನ್ನ ಚೀಲದಲ್ಲಿ ಇಟ್ಕೊಂಡ್ಲು.

ದೊಡ್ಡೋನು ತೊಟ್ಟಿಲನ್ನ ಕಾರಿನ ತಲೆ ಮೇಲಿಟ್ಟು, ಹೊಸಾ ಪ್ಲಾಸ್ಟಿಕ್ ಹಗ್ಗ ಅಡ್ಡಕ್ಕೆ ಒಂದೇ ಸುತ್ತು ಬಿಗಿದು, ಮೇಲೆ ಒಂದು ಹೂ ಗಂಟು ಹಾಕ್ದನಂತೆ. ಅದೇನು ಜಡೆ ಕುಚ್ಚಾ? ಉದ್ದಕ್ಕೂ ಒಂದು ಸುತ್ತು ಹಾಕೋ, ಮುಂದಿಂದ ಗಾಳಿ ಎತ್ತುತ್ತೆ ಅಂದ್ಲಂತೆ ದೇವೀರಮ್ಮ. ಅವ್ವ, ಇದು ಎತ್ತಿನ ಗಾಡಿ ಅಲ್ಲ, ಕಾರು ಅಂದ್ನಂತೆ ಅವನು. ನಡುಲೋನು ಹಂಡೆಯೊಳಗೆ ಪಾತ್ರೆ ತುಂಬಿ, ಹಂಡೆ, ಅಕ್ಕಿ ಮೂಟೆ ಎಲ್ಲಾ ಡಿಕ್ಕೀಲಿ ಬಾಗಿಲ ಅಂಚಿಗೇ ಒಟ್ಟಿದನಂತೆ, ಇಳಿಸೋಕೆ ಸುಲಭ ಅಂತ. ಡಿಕ್ಕಿ ಮುಚ್ಚಲಿಲ್ಲ, ದಾರ ಕಟ್ಟಿದ. ಹಿಂಭಾರ ಆಯ್ತು ಕಣೋ, ಭಾರ ಸೀಟಿನ ಬೆನ್ನಿಗೆ ಒತ್ತಿ ಇಡು, ಸಂದು ಬಿಡಬೇಡ ಅಂದ್ಲು. ಅವ್ವ, ಇದು ಎತ್ತಿನ ಗಾಡಿ ಅಲ್ಲ, ಕಾರು ಅಂದ ಅವನೂ.

ಕಿರಿಯೋನು ಇದ್ದನಲ್ಲ, ಅವನಿಗೆ ದೇವರು ದಿಂಡರು ಅಂದ್ರೆ ಭಾರೀ ಭಕ್ತಿ. ಗುಂಡಣ್ಣನ್ನ ಕಾಲ ಹತ್ರ ಇಡಕ್ಕಾಗುತ್ತಾ ಅಂತ, ಹಿಂದಿನ ಸೀಟಿನ ಬೆನ್ನ ಮೇಲೆ ಗಾಜಿನ ಮುಂದೆ ಹಲಗೆ ಥರ ಇರುತ್ತಲ್ಲ, ಅಲ್ಲಿ ಸೀರೆ ಸಿಂಬಿ ಮಾಡಿ, ಅದರ ಮೇಲೆ ಕೂರಿಸಿ, ಕುಂಕುಮ ಇಟ್ಟು, ಹೂ ಮುಡಿಸಿ ಕೈ ಮುಗಿದ್ನಂತೆ. ಕೆಳಗೆ ಸೀಟಲ್ಲಿ ಅಕ್ಕ ಕೂತವ್ಳೆ, ಅವಳ ತೊಡೆ ಮೇಲೆ ಕೂಸು. ದೇವೀರಮ್ಮ ನೋಡಿದ್ಲು. ಇದು ಸರಿಯಲ್ಲ ಅಂತ ಅವಳಿಗೂ ಅನ್ನಿಸ್ತು, ಆದ್ರೆ ಗುಂಡಣ್ಣನ ವಿಷಯ, ಕೆಳಗಿಡು ಅನ್ನೋಕೆ ಬಾಯಿ ಬರಲಿಲ್ವಂತೆ. ಅದೊಂದು ತಪ್ಪು ಅವಳದೂ ಐತೆ. ಅವಳೇ ಆಮೇಲೆ ಒಪ್ಕೊಂಡ್ಲು.

ಹೊರಟ್ರು. ದೊಡ್ಡೋನು ಕಾರು ಓಡಿಸ್ತಾನೆ, ಪಕ್ಕದಲ್ಲಿ ನಡುಲೋನು, ಹಿಂದೆ ಅವ್ವ, ಮಗಳು, ಕೂಸು, ಕಿರಿಯೋನು. ಊರಾಚೆ ಬಯಲು ದಾರಿ. ಕಾರು ಜೋರಾಯ್ತು, ಗಾಳಿ ತೊಟ್ಟಿಲೊಳಕ್ಕೆ ನುಗ್ಗಿತು, ಹೂ ಗಂಟು ಬಿಚ್ಕೊಂಡು, ತೊಟ್ಟಿಲು ಎದ್ದು ಹಾರಿ ಹಿಂದೆ ಬಿತ್ತಂತೆ. ಹಿಂದೆ ಸೈಕಲ್ ಮೇಲೆ ಮೊಸರಿನ ಮಡಕೆ ಇಟ್ಕೊಂಡು ಒಬ್ಬ ಮುದುಕ ಬರ್ತಿದ್ದ. ಅವನಿಗೆ ಎರಡು ಮಾರು ದೂರದಲ್ಲಿ ಬಿತ್ತು. ಮುದುಕ ಸೈಕಲ್ ಬಿಟ್ಟು ಗದ್ದೆಗೆ ಹಾರ್ಕೊಂಡ. ತೊಟ್ಟಿಲ ಕಾಲು ಮುರೀತು. ಮುದುಕ ಎದ್ದು ಬಂದು ಬೈದ ಬೈಗುಳ ನಿನಗೆ ಹೇಳೋ ಹಂಗಿಲ್ಲ. ದೊಡ್ಡೋನು ಏನಂದ ಗೊತ್ತಾ? ದೃಷ್ಟಿ ತಾಕಿತ್ತು, ಇಲ್ಲಿಗೆ ಹೋಯ್ತು ಬಿಡು ಅಂದ. ದೃಷ್ಟಿಯಂತೆ! ಗಂಟು ಹಾಕಕ್ಕೆ ಬರದೋನಿಗೆ ಯಾರ ದೃಷ್ಟಿ ತಾಕಬೇಕು?

ನಗಬೇಡ. ಮುಂದೆ ಕೇಳು.

ಮುರಿದ ಕಾಲಿಗೆ ಬಟ್ಟೆ ಪಟ್ಟಿ ಸುತ್ತಿ ತೊಟ್ಟಿಲನ್ನ ಮತ್ತೆ ಮೇಲೆ ಕಟ್ಟಿದ್ರು. ಆಮೇಲೆ ಗುಡ್ಡ ಹತ್ತೋ ದಾರಿ ಬಂತು. ಹಿಂಭಾರಕ್ಕೆ ಕಾರಿನ ಹಿಂದುಗಡೆ ಕುಸಿದು ಮೂಗು ಮೇಲೆ ಎತ್ತಿತಂತೆ. ತಿರುವಲ್ಲಿ ಸ್ಟೇರಿಂಗ್ ತಿರುಗಿಸಿದ್ರೆ ಕಾರು ಮಾತೇ ಕೇಳ್ತಿಲ್ಲ, ನೆಟ್ಟಗೆ ಪ್ರಪಾತದ ಕಡೆ ಹೋಗ್ತೈತೆ. ಅಂಚಿನ ಕಲ್ಲಿಗೆ ತಾಗಿ ನಿಂತಿತು. ಕಿಟಕಿಯಿಂದ ನೋಡಿದ್ರೆ ಕೆಳಗೆ ಬರೀ ಮರದ ತಲೆಗಳು. ಕೂಸು ಕಿರುಚ್ತಾ ಐತೆ. ದೇವೀರಮ್ಮ, ಇಳಿಸ್ರೋ, ಎಲ್ಲಾ ಇಳಿಸಿ ಸರಿಯಾಗಿ ಹೇರಿ ಅಂದ್ಲು. ನಡುಲೋನು ಡಿಕ್ಕಿ ಹತ್ರ ಹೋಗಿ ಒಂದು ಮೂಟೆ ಅತ್ತ ತಳ್ಳಿ ಇತ್ತ ಎಳೆದು, ಆಯ್ತು ಹತ್ತಿ, ರೋಡು ಸರಿಯಿಲ್ಲ ಅಂದ್ನಂತೆ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ.

ಹೂಂ ಅಂದ್ಯಾ? ನಿಮ್ಮಪ್ಪ ಟಿವಿ ಸೌಂಡು ಕಮ್ಮಿ ಮಾಡ್ದ. ಮಾಡ್ಲಿ.

ಗುಡ್ಡದ ನೆತ್ತಿ ಬಂತು. ಅಲ್ಲೊಂದು ಬಸ್ಸು ನಿಲ್ಲೋ ಕಟ್ಟೆ. ಅಲ್ಲಿಂದಾಚೆಗೆ ಬರೀ ಇಳಿಜಾರು, ಮೂರು ತಿರುವು. ದೇವೀರಮ್ಮ ತಿರುಗಿ ನೋಡಿದ್ಲು. ಗುಂಡಣ್ಣ ಸಿಂಬಿ ಮೇಲೆ ಒಂದು ಬೆರಳಷ್ಟು ಮುಂದಕ್ಕೆ ಜಾರಿದಾನೆ. ಕೆಳಗೆ ಕೂಸಿನ ನೆತ್ತಿ. ಇನ್ನೂ ಕೂಡದ ನೆತ್ತಿ ಕಣವ್ವ, ಉಸಿರಾಡಿದಂಗೆ ಮಿಡೀತಿರುತ್ತಲ್ಲ, ಅದು.

ಕಾರು ನಿಲ್ಲಿಸು ಅಂದ್ಲು. ನಿಲ್ಲಿಸಿದ. ಗುಂಡಣ್ಣನ್ನ ಕೆಳಗಿಡ್ರೋ ಅಂದ್ಲು. ಕಿರಿಯೋನು, ಶಾಂತಂ ಪಾಪಂ, ದೇವರನ್ನ ಕಾಲ ಹತ್ರ ಇಡ್ತಾರಾ, ಬೀಗರು ನೋಡಿದ್ರೆ ಏನಂತಾರೆ ಅಂದ. ಅವಳು ಬಾಗಿಲು ತೆಗೆದು ಇಳಿದ್ಲು. ಮಗಳ ರಟ್ಟೆ ಹಿಡಿದು ಇಳಿಸಿದ್ಲು. ಕೂಸನ್ನ ಕಿತ್ಕೊಂಡು ಸೆರಗಲ್ಲಿ ಸುತ್ಕೊಂಡು ಕಟ್ಟೆ ಮೇಲೆ ಕೂತ್ಲು. ಅವಳ ಕೋಪ ಅಂದ್ರೆ ಅಂತಿಂಥ ಕೋಪ ಅಲ್ಲ, ಮುಖ ಕೆಂಡ ಆಗಿತ್ತಂತೆ.

"ನಿಮ್ಮಪ್ಪ ಮೂವತ್ತು ವರ್ಷ ಗಾಡಿ ಹೊಡೆದ್ರು. ಒಂದು ದಿನ ಒಂದು ಕಾಳು ಚೆಲ್ಲಲಿಲ್ಲ. ನೀವು ಒಂದು ಹೊತ್ತಲ್ಲಿ ತೊಟ್ಟಿಲು ಮುರಿದ್ರಿ, ಪ್ರಪಾತ ತೋರಿಸಿದ್ರಿ. ಇನ್ನು ಉಳಿದಿರೋದು ಈ ಕೂಸು. ಇದನ್ನ ನಾನು ಕೊಡಲ್ಲ."

ಮಕ್ಕಳಿಗೂ ಸಿಟ್ಟು ಬಂತಂತೆ. ಮುದುಕಿಗೆ ತಲೆ ಕೆಟ್ಟೈತೆ, ಬಸ್ಸಿಗೇ ಬರಲಿ ಅಂತ ಮೂರೂ ಜನ ಹತ್ಕೊಂಡು ರೊಂಯ್ ಅಂತ ಹೊರಟೇಬಿಟ್ರು. ಕಿರಿಯೋನು ಹಿಂದೆ ಅಕ್ಕ ಕೂತಿದ್ದ ಜಾಗದ ಪಕ್ಕದಲ್ಲೇ ಕೂತ. ಮೊದಲನೇ ತಿರುವು ದಾಟಿದ್ರು. ಎರಡನೇ ತಿರುವು ದಾಟಿದ್ರು. ಮೂರನೇ ತಿರುವಲ್ಲಿ ಕುರಿ ಹಿಂಡು, ರಸ್ತೆ ತುಂಬಾ. ದೊಡ್ಡೋನು ಬ್ರೇಕ್ ಮೇಲೆ ನಿಂತ. ಕಾರು ನಿಂತಿತು, ಕುರಿಗೆ ಒಂದು ಗೇಣು ಇದ್ದಂಗೆ.

ಗುಂಡಣ್ಣ ನಿಲ್ಲಲಿಲ್ಲ.

ಸಿಂಬಿ ಬಿಟ್ಟು ಎದ್ದೋನು ಕಿರಿಯೋನ ಬಲಗಿವಿ ಹರ್ಕೊಂಡು, ಅಕ್ಕ ಕೂತಿದ್ದ ಜಾಗದ ಮೇಲೆ ಹಾದು, ಮುಂದಿನ ಇಬ್ಬರ ಭುಜದ ಮಧ್ಯೆ ನುಗ್ಗಿ, ಗಾಜು ಪುಡಿ ಮಾಡ್ಕೊಂಡು ರಸ್ತೆ ಮೇಲೆ ಹೋಗಿ ಬಿದ್ದ. ಕುರಿ ಕಾಯೋನು ಬಾಯಿ ಬಡ್ಕೊಂಡ ಸದ್ದು ಮೇಲೆ ಕಟ್ಟೆಗೆ ಕೇಳಿಸ್ತು. ನಾವು ಓಡಿದ್ವಿ. ಕೂಸನ್ನ ಎದೆಗೆ ಒತ್ಕೊಂಡು, ಚಪ್ಪಲಿ ಎಲ್ಲಿ ಬಿಟ್ವೋ ಗೊತ್ತಿಲ್ಲ, ಓಡಿದ್ವಿ. ಹೋಗಿ ನೋಡಿದ್ರೆ ಮೂರು ಜನ ರಸ್ತೆ ಮೇಲೆ ಕೂತವ್ರೆ. ಕಿರಿಯೋನ ಅಂಗಿಯೆಲ್ಲ ರಕ್ತ. ಅವನು ಕಿವಿ ಮುಟ್ಕೋತಿಲ್ಲ. ಅಕ್ಕ ಕೂತಿದ್ದ ಜಾಗಾನೇ ನೋಡ್ತಾ ಅವ್ನೆ. ಅಲ್ಲಿ ಕೂಸಿನ ಕುಲಾವಿ ಬಿದ್ದಿತ್ತು, ಅದರ ಮೇಲೆ ಗುಂಡಣ್ಣನಿಗೆ ಮುಡಿಸಿದ್ದ ಹೂವು.

ದೇವೀರಮ್ಮ ಅಳಲಿಲ್ಲ. ಸೆರಗು ಹರಿದು ಕಿವಿ ಕಟ್ಟಿದ್ಲು, ಕಟ್ಟಿ ಆದ ಮೇಲೆ ಮೂರು ಜನಕ್ಕೂ ಕೆನ್ನೆಗೆ ಒಂದೊಂದು ಬಿಟ್ಲು. ಏಳ್ರೋ, ಎಲ್ಲಾ ಇಳಿಸಿ ಅಂದ್ಲು. ಇಳಿಸಿದ್ರು. ಚೀಲದಿಂದ ಹಗ್ಗ ತೆಗೆದ್ಲು. ಮೊದಲು ಭಾರದ್ದು, ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ. ಸಂದಿಗೆ ಹಾಸಿಗೆ ಬಟ್ಟೆ ತುರುಕಿಸಿದ್ಲು. ಅಕ್ಕಿ ಮೂಟೆ ಹಾಕಿಸಿ ಅದರ ಮುಂದೆ ಡಿಕ್ಕಿ ನೆಲಕ್ಕೇ ಗುಂಡಣ್ಣ. ಕಿರಿಯೋನು ಆಗಲೂ ಕೈ ಹಿಂದೆ ತಗೊಂಡ. ಅವಳು ಹೇಳಿದ ಮಾತು ನಾನು ಸಾಯೋವರೆಗೂ ಮರೆಯಲ್ಲ.

"ಒರಳು ಎಲ್ಲಿ ಹೂತಿರ್ತಾರೋ ಮಗನೇ? ಅಟ್ಟದ ಮೇಲಾ? ನೆಲದಲ್ಲಿ. ಅವನು ನೆಲದೋನು. ಮೇಲೆ ಕೂರಿಸಿ ಅವನ ಕೈಲಿ ತಮ್ಮನ್ನ ಕೊಲ್ಲಿಸ್ತಿದ್ಯಲ್ಲೋ, ಅದು ಭಕ್ತಿಯಾ?"

ಆಮೇಲೆ ಅವನೇ ಇಟ್ಟ. ಡಿಕ್ಕಿ ಮುಚ್ಚಿತು. ತೊಟ್ಟಿಲಿಗೆ ಅಡ್ಡಕ್ಕೊಂದು ಉದ್ದಕ್ಕೊಂದು ಸುತ್ತು, ಅವಳು ಒಂದು ತುದಿ, ದೊಡ್ಡೋನು ಒಂದು ತುದಿ. ಎಳೆದು ನೋಡಿದ್ರು. ಒಂದು ಮೈಲಿ ಹೋದ ಮೇಲೆ ನಿಲ್ಲಿಸಿ ಇನ್ನೊಂದ್ಸಲ ಎಳೀಬೇಕು, ಹೇರು ಕೂತ್ಕೊಂಡ ಮೇಲೆ ಹಗ್ಗ ಸಡಿಲ ಆಗುತ್ತೆ ಅಂದ್ಲು. ಎಳೆದ್ರೆ ನಿಜವಾಗ್ಲೂ ನಾಲ್ಕು ಬೆರಳು ಸಡಿಲ ಆಗಿತ್ತಂತೆ. ಕೂಸನ್ನ ಮಾತ್ರ ಅವಳು ಆ ಕಾರಿಗೆ ಹತ್ತಿಸಲಿಲ್ಲ, ಬಸ್ಸಲ್ಲೇ ಕರ್ಕೊಂಡು ಬಂದ್ಲು. ಮುಂದಿನ ಗಾಜಿಲ್ಲದ ಕಾರಲ್ಲಿ ಮೂರು ಜನ ಬಾಯಿ ಮುಚ್ಕೊಂಡು ಬಂದ್ರು, ತೆಗೆದ್ರೆ ಹುಳ ಹೋಗೋದು. ಗುಡ್ಡದ ಕೆಳಗೆ ಡಾಕ್ಟರು ಕಿವಿಗೆ ಹೊಲಿಗೆ ಹಾಕಿದ್ರು. ಬೀಗಿತ್ತಿ ತೊಟ್ಟಿಲ ಕಾಲಿಗೆ ಪಟ್ಟಿ ಯಾಕೆ ಅಂತ ಕೇಳಿದಾಗ ದೇವೀರಮ್ಮ ಒಂದೂ ಮುಚ್ಚಿಡದೆ ಹೇಳಿದ್ಲು. ಅವರು ಕೂಸಿಗೂ ಗುಂಡಣ್ಣನಿಗೂ ಒಟ್ಟಿಗೇ ದೃಷ್ಟಿ ತೆಗೆದು ಒಳಗೆ ಕರ್ಕೊಂಡ್ರು. ಎಲ್ಲರೂ ಹೋಳಿಗೆ ಉಂಡು ಸುಖವಾಗಿದ್ರು.

ಏನಂದೆ? ನಾವು ಓಡಿದ್ವಿ ಅಂದೆನಾ? ಅಂದೆ. ಅಂತೆ ಅಂತೆ ಅಂತ ಎಷ್ಟೊತ್ತು ಹೇಳಲಿ, ಅಲ್ಲಿದ್ದೋಳು ನಾನೇ. ದೇವೀರಮ್ಮ ನಮ್ಮವ್ವ. ಕಿರಿಯೋನು ಯಾರು ಗೊತ್ತಾ? ಬಂದಾಗೆಲ್ಲ ತಾತ ನಿನ್ನ ಕಿವಿ ಯಾಕೆ ಹರಿದೈತೆ ಅಂತ ಕೇಳ್ತೀಯಲ್ಲ, ಆ ನಂಜಪ್ಪ ತಾತ. ಗುಂಡಣ್ಣ ಯಾರು ಗೊತ್ತಾ? ಹಣೆ ಮೇಲೆ ಚಕ್ಕೆ ಎದ್ದೈತಲ್ಲ ನಮ್ಮ ಒರಳಿನ ಗುಂಡು, ಅವನೇ. ರಸ್ತೆಗೆ ಬಿದ್ದಾಗ ಎದ್ದ ಚಕ್ಕೆ ಅದು.

ಇನ್ನು ಆ ಕೂಸು. ಆ ಕೂಸಿಗೆ ಈಗ ತಲೆ ನರೆತೈತೆ. ಟಿವಿ ಮುಂದೆ ಕೂತ್ಕೊಂಡು ಏನೂ ಆಗಲ್ಲ ಸುಮ್ನಿರಮ್ಮ ಅಂತೈತೆ. ಅವನ ನೆತ್ತಿ ಉಳಿಸೋಕೆ ನಮ್ಮವ್ವ ರಸ್ತೇಲಿ ಕೂತ್ಲು. ಅವನು ತನ್ನ ಮಗಳ ನೆತ್ತಿ ಮೇಲೆ ಅದೇ ಗುಂಡು ಇಡ್ತಾನೆ. ನಾಳೆ ನಾನೂ ಕೂರ್ತೀನಿ, ಕಾರಿನ ಮುಂದೆ. ನೋಡ್ತೀನಿ ಹೆಂಗೆ ಹೋಗ್ತಾನೆ ಅಂತ.

ಟಿವಿ ಆರ್ತು. ಕೇಳಿಸ್ತಾ? ಬಾಗಿಲು ತೆಗೆದ. ಡಿಕ್ಕಿ ಸದ್ದು ಅದು. ಸುಮ್ನಿರು.

ಬಂದ್ಯಾ ಮಗನೇ? ಒಳಗೆ ಬಾ, ಯಾಕೆ ಬಾಗಿಲಲ್ಲಿ ನಿಂತೆ. ಮುಖ ಒರೆಸ್ಕೋ. ಹಗ್ಗ ಎಲ್ಲಿ ಅಂತ ಕೇಳ್ತಾ ಇದ್ಯಾ? ಇನ್ನೆಲ್ಲಿರುತ್ತೆ, ನನ್ನ ಮಂಚದ ಕೆಳಗೆ ಬಗ್ಗು. ಗುಂಡಣ್ಣನ್ನ ನೆಲಕ್ಕಿಟ್ಯಾ? ಸಂದಿಗೆ ಬಟ್ಟೆ ತುರುಕಿದ್ಯಾ? ಹೋಗು, ಕಟ್ಟು. ಎಳೆದು ನೋಡು. ಇರು, ಇನ್ನೊಂದು ತುದಿ ಹಿಡಿಯೋಕೆ ನಾನೇ ಬರ್ತೀನಿ, ಇವಳಿಗೆ ನಿದ್ದೆ ಹತ್ತಲಿ.

ಕಣ್ಣು ಮುಚ್ಕೊಳ್ಳವ್ವ ನೀನು. ಹೇರು ಕೆಳಗಿಳೀತು, ಕತೆ ಮುಗೀತು.