ಅಂಜೂರದ ಗಿಡಕ್ಕೆ ಬಿದ್ದ ಬಿಸಿಲು

ಕುಮುದಾ ಫೋಟೋ ತೆಗೆಯುವುದನ್ನು ಕಲಿಯಲೆಂದು ಮೈಲಾರಯ್ಯ ಮೇಷ್ಟ್ರ ಬಳಿ ಬಂದು ಎರಡು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಮೇಷ್ಟ್ರು ಅವಳ ಒಂದೇ ಒಂದು ಚಿತ್ರಕ್ಕೂ "ಚೆನ್ನಾಗಿದೆ" ಅಂದವರಲ್ಲ.

ಕಾಡಿಗೂ ಕಳಿಸಲಿಲ್ಲ, ಬೆಟ್ಟಕ್ಕೂ ಕಳಿಸಲಿಲ್ಲ.

"ನಮ್ಮ ಬೀದಿಯಲ್ಲೇ ನಡಿ," ಅಂದಿದ್ದರು. "ಯಾವ ತಿಂಗಳು ಯಾವ ಗೋಡೆಗೆ ಬಿಸಿಲು ಬರುತ್ತೆ, ಯಾವ ಎಲೆ ಯಾವಾಗ ಒರಟಾಗುತ್ತೆ, ನೋಡು. ಕೈ ಕ್ಯಾಮೆರಾ ಮೇಲಿರಲಿ. ಬೇರೆ ಏನನ್ನೂ ಮುಟ್ಟಬೇಡ."

ಕುಮುದಾ ನಡೆದಳು. ಬೇವಿನ ಚಿಗುರು, ಪಾಚಿ ಒಣಗಿದ ಗೋಡೆ, ಹೊಂಗೆ ಹೂ ಉದುರಿದ ಚರಂಡಿ, ಎಲ್ಲವನ್ನೂ ತೆಗೆದಳು. ಮೇಷ್ಟ್ರು ನೋಡುತ್ತಿದ್ದರು, "ಹೂಂ" ಅನ್ನುತ್ತಿದ್ದರು. ಆ ಹೂಂ ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಒಂದು ಒಳ್ಳೆಯ ಮಾತಾಡಿದರೆ ಇವರ ಗಂಟೇನು ಹೋಗುತ್ತದೆ?

ಚೈತ್ರದ ಒಂದು ಬೆಳಿಗ್ಗೆ ಮೂಲೆ ಮನೆಯ ಕಾಂಪೌಂಡಿನ ಅಂಜೂರದ ಗಿಡದಲ್ಲಿ ಸಿಂಪಿಗ ಹಕ್ಕಿಯ ಗೂಡು ಕಂಡಿತು. ಎಲೆ ಮಡಿಸಿ ನಾರಿನಿಂದ ಹೊಲಿದ ಪುಟ್ಟ ಚೀಲ. ಒಳಗೆ ಮರಿಗಳು.

ಆದರೆ ಮೇಲಿನ ರೆಂಬೆಯ ಎಲೆಗಳು ಗೂಡಿಗೆ ಕವುಚಿಕೊಂಡಿದ್ದವು. ಒಳಗೆಲ್ಲ ಕತ್ತಲು.

ಕುಮುದಾ ಅತ್ತಿತ್ತ ನೋಡಿದಳು. ಜಡೆಯ ರಿಬ್ಬನ್ ಬಿಚ್ಚಿ, ಆ ರೆಂಬೆಯನ್ನು ಹಿಂದಕ್ಕೆಳೆದು ಗೇಟಿಗೆ ಕಟ್ಟಿದಳು. ಬಿಸಿಲು ನೇರ ಗೂಡಿನ ಮೇಲೆ ಬಿತ್ತು. ಎಲೆಯ ಒರಟು, ಒಂದೊಂದು ಹೊಲಿಗೆ, ಮರಿಗಳ ತೆರೆದ ಕೆಂಪು ಬಾಯಿ, ಎಲ್ಲವೂ ಚಿತ್ರಕ್ಕೆ ಬಂದವು.

ಖುಷಿಯಲ್ಲಿ ಅವಳಿಗೆ ನೆಲವೇ ಕಾಣಲಿಲ್ಲ. ರಿಬ್ಬನ್ ಆಮೇಲೆ ಬಿಚ್ಚಿದರಾಯಿತು ಅಂದುಕೊಂಡು ಮೇಷ್ಟ್ರ ಮನೆಗೆ ಓಡಿದಳು.

ಮೇಷ್ಟ್ರು ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಚಿತ್ರ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹೂಂ ಅನ್ನಲಿಲ್ಲ.

ಕುಮುದಾ ಒಂದು ಹೆಜ್ಜೆ ಹತ್ತಿರ ಬಂದಳು.

"ಇದು ಮೂಲೆ ಮನೆಯ ಅಂಜೂರ ಅಲ್ವಾ?"

"ಹೌದು ಮೇಷ್ಟ್ರೇ."

"ಈ ತಿಂಗಳು ಅಲ್ಲಿ ಕೆಳಗಿನ ಎಲೆಗೆ ಬಿಸಿಲು ಬರಲ್ಲ. ಹೇಗೆ ಬಂತು?"

ಕುಮುದಾಳ ಕೈ ತಾನಾಗಿ ಬಿಚ್ಚಿದ ಜಡೆಯ ಕಡೆ ಹೋಯಿತು. ಮೇಷ್ಟ್ರು ಅದನ್ನು ನೋಡಿದರು.

"ಕಟ್ಟಿದ್ದನ್ನ ಬಿಚ್ಚಿ ಬಂದೆಯಾ?"

"ಇಲ್ಲ."

ಮೇಷ್ಟ್ರು ಲೋಟ ಅಲ್ಲೇ ಇಟ್ಟು ಎದ್ದರು. ಚಪ್ಪಲಿ ಕೂಡ ಮೆಟ್ಟಲಿಲ್ಲ. ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಗೂಡು ಹರಿದು ಜೋತುಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಕಾಂಪೌಂಡಿನ ಮೇಲೆ ಕೂತ ಕಾಗೆ ಕೊಕ್ಕನ್ನು ಕಲ್ಲಿಗೆ ಉಜ್ಜುತ್ತಿತ್ತು. ತಾಯಿಹಕ್ಕಿ ಗಿಡದಿಂದ ಗೇಟಿಗೆ, ಗೇಟಿನಿಂದ ಗಿಡಕ್ಕೆ ಹಾರಾಡುತ್ತ ಒಂದೇ ಸಮನೆ ಕೂಗುತ್ತಿತ್ತು.

ಕುಮುದಾ ಬಿಕ್ಕಿ ಬಿಕ್ಕಿ ಅತ್ತಳು.

"ಈ ಕಾಗೆ ದಿನಾ ಇಲ್ಲೇ ಕೂರುತ್ತೆ ಮೇಷ್ಟ್ರೇ. ಒಂದು ದಿನವೂ ಈ ಗಿಡದ ತಂಟೆಗೆ ಬಂದಿರಲಿಲ್ಲ."

ಮೇಷ್ಟ್ರು ರಿಬ್ಬನ್ ಬಿಚ್ಚಿದರು. ರೆಂಬೆ ತೂಗಿ ಹಿಂದಕ್ಕೆ ಬಂತು, ಎಲೆಗಳು ಖಾಲಿ ಗೂಡನ್ನು ಮುಚ್ಚಿಕೊಂಡವು. ರಿಬ್ಬನ್ನನ್ನು ಮಡಿಸಿ ಅವಳ ಕೈಯಲ್ಲಿಟ್ಟರು.

"ಬೆಳಕು ಚೆನ್ನಾಗಿತ್ತು ಕಣಮ್ಮ," ಅಂದರು. "ಕಾಗೆಗೂ ಚೆನ್ನಾಗಿ ಕಂಡಿತು."