ಹೋಗಿ ಬರುತ್ತೇನೆಂದ ವೈರಸ್ಸು

ಗಂಗಕ್ಕ ಮೂರು ವರ್ಷದ ಮಗುವಾಗಿದ್ದಾಗ ಬಂದ ಜ್ವರದ ವೈರಸ್ಸು, ವಾರ ಕಳೆದ ಮೇಲೆ, ಕಾವಲಿಗಿದ್ದ ಬಿಳಿ ರಕ್ತಕಣಕ್ಕೆ ಕೈಮುಗಿದು, “ಹೋಗಿ ಬರುತ್ತೇನೆ ಅಣ್ಣಾ” ಎಂದಿತ್ತು. “ಹೂಂ, ಹೋಗಿ ಬಾ” ಎಂದು ಬಿಳಿಕಣ ರೂಢಿಯಂತೆ ಕಳಿಸಿಕೊಟ್ಟಿತ್ತು.

ಐವತ್ತು ವರ್ಷದ ಮೇಲೆ ಗಂಗಕ್ಕನ ಮಿದುಳಿನಲ್ಲೊಂದು ಗೆಡ್ಡೆ ಎದ್ದಿತು. ಬಿಳಿಕಣ ಓಡಿಹೋಗಿ ನೋಡಿದರೆ, ಗೆಡ್ಡೆಯೊಳಗೆ ಅದೇ ವೈರಸ್ಸು ಕಾಲು ಚಾಚಿ ಕುಳಿತಿದೆ!

“ಇದನ್ನು ಬೆಳೆಸಿದ್ದು ನೀನೇ ಏನೋ?” ಬಿಳಿಕಣ ಗದರಿತು.

“ಹಾಗೆನ್ನಬೇಡಿ ಅಣ್ಣಾ. ಊರಿನ ಅರ್ಧ ಜನರ ಮೈಯಲ್ಲಿ ನಾನಿದ್ದೇನೆ. ಅವರಿಗೆಲ್ಲ ಗೆಡ್ಡೆ ಎದ್ದಿದೆಯೇ? ನಾನೇ ಬೆಳೆಸಿದೆನೋ, ಬೆಳೆದ ಮೇಲೆ ಬಂದು ಸೇರಿಕೊಂಡೆನೋ, ಡಾಕ್ಟರುಗಳಿಗೇ ಇನ್ನೂ ಬಗೆಹರಿದಿಲ್ಲ.”

“ಅದಿರಲಿ. ನಿನ್ನನ್ನು ಒಳಗೆ ಬಿಟ್ಟವರು ಯಾರು?”

ವೈರಸ್ಸಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಹೋಗಿ ಬಾ ಅಂದವರು ನೀವೇ ಅಲ್ಲವೇ ಅಣ್ಣಾ?”