ಎಡಕ್ಕೆ ವಾಲಿದ ನಲ್ಲಿ

ಕೆಂಗಲ್ಲುದುರ್ಗ ಅಂತ ಒಂದು ರಾಜ್ಯ ಇತ್ತಂತೆ. ಅಲ್ಲೊಬ್ಬ ದೊರೆ, ದೊರೆಗೊಂದು ಬಚ್ಚಲುಮನೆ, ಬಚ್ಚಲುಮನೆಗೆ ಬೆಟ್ಟದ ಕೊಳದಿಂದ ಕಬ್ಬಿಣದ ಪೈಪು. ಆ ಕಾಲದಲ್ಲಿ ಪೈಪು ಎಲ್ಲಿತ್ತು ಅಂತ ಕೇಳಬೇಡ್ರಪ್ಪ, ದಣಿದಿದ್ದೀನಿ. ಇತ್ತು ಅಂದ್ರೆ ಇತ್ತು.

ಆ ಪೈಪು ನೋಡ್ಕೊಳ್ಳೋಳು ಚನ್ನಾಜಮ್ಮ. ಗಂಡ ಸತ್ತ ದಿನ ಅವನ ನಲ್ಲಿ ಬಿಗಿಯೋ ಪಾನ ಕೈಗೆ ತಗೊಂಡೋಳು, ಮೂವತ್ತು ವರ್ಷ ಆದರೂ ಕೆಳಗಿಟ್ಟಿರಲಿಲ್ಲ. ಮಂಡಿ ಸವೆದಿತ್ತು, ಸೊಂಟ ಹಿಡಿದಿತ್ತು, ಕೆಲಸ ಮಾತ್ರ ಅಚ್ಚುಕಟ್ಟು. ಪೈಪಿನ ತಿರುಪಲ್ಲಿ ಕೂತ ತುಕ್ಕು ಕೆರೆಯೋಳು. ನಲ್ಲಿ ಯಾವ ಕಡೆ ತಿರುಗುತ್ತೋ ಅದೇ ಕಡೆಗೆ ಸೆಣಬಿನ ನಾರು ಸುತ್ತೋಳು. ಮೇಲೆ ಎಣ್ಣೆಬಣ್ಣ ಸವರಿ, ಮೊದಲು ಕೈಯಲ್ಲಿ, ಆಮೇಲೆ ಪಾನದಲ್ಲಿ ಬಿಗಿಯೋಳು. ಒಂದು ಹನಿ ಜಿನುಗಬೇಕಲ್ಲ? ಊಹೂಂ.

ಒಂದು ಸಲ ದೊರೆಯ ಬಚ್ಚಲಿಗೆ ಹೊಸ ಹಿತ್ತಾಳೆ ನಲ್ಲಿ ಬಂತು. ಪೈಪು ಹಳೇದು, ತಿರುಪು ಸವೆದಿತ್ತು. ನಲ್ಲಿ ನೇರ ನಿಂತರೆ ಸಡಿಲ. ಇನ್ನೊಂದು ಸುತ್ತು ಬಿಗಿದರೆ ಹಿತ್ತಾಳೆ ಸೀಳೋದು. ಹೆಬ್ಬೆರಳಷ್ಟು ಎಡಕ್ಕೆ ವಾಲಿದಾಗ ಮಾತ್ರ ಸರಿಯಾದ ಬಿಗಿ. ಅಲ್ಲೇ ನಿಲ್ಲಿಸಿ ಮನೆಗೆ ಹೋದಳು.

ಬೆಳಿಗ್ಗೆ ಕರೆ ಬಂತು. ನಲ್ಲಿ ಬುಡ ಸೋರಿ, ನೀರು ಕೆಳಗಿನ ಕಣಜಕ್ಕಿಳಿದು, ಊರಿಗೆಲ್ಲ ಮಳೆಗಾಲಕ್ಕೆ ಇಟ್ಟಿದ್ದ ರಾಗಿ ನೆನೆದಿತ್ತು. ಚನ್ನಾಜಮ್ಮ ನೋಡಿದಳು. ನಲ್ಲಿ ನೆಟ್ಟಗೆ ನಿಂತಿತ್ತು. ದೊರೆ ಕಡೆ ತಿರುಗಿದಳು.

"ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ ಬುದ್ಧಿ. ಬಿಗಿದ ಮೇಲೆ ಹಿಂದಕ್ಕೆ ತಿರುಗಿಸಿದರೆ ನಾರು ಸಡಿಲ ಆಗುತ್ತೆ."

ಅರಮನೆ ಪಾರುಪತ್ತೇಗಾರ ಸರ್ವೋತ್ತಮಯ್ಯ ಎದ್ದು ನಿಂತ. ಇವನಿಗೆ ಎಲ್ಲ ನೇರ ಇರಬೇಕು. ಪರದೆ ನೇರ, ಕನ್ನಡಿ ನೇರ, ದೊರೆ ತೂಕಡಿಸುತ್ತಿದ್ದರೆ ಪೇಟಾನೂ ನೇರ ಮಾಡಿ ಹೋಗೋನು.

"ಬಚ್ಚಲಿನ ಬೀಗದ ಕೈ ನನ್ನ ಹತ್ರ ಇದೆ. ಯಾರೂ ಮುಟ್ಟಿಲ್ಲ. ಕುಣೀಲಾರದೋಳು ನೆಲ ಡೊಂಕು ಅಂದಳಂತೆ!"

ಎಲ್ಲರೂ ನಕ್ಕರು. ಚನ್ನಾಜಮ್ಮ ನಗಲಿಲ್ಲ. ಎಲ್ಲ ಬಿಚ್ಚಿದಳು, ಕೆರೆದಳು, ಹೊಸ ನಾರು ಸುತ್ತಿದಳು, ಬಿಗಿದಳು. ನಲ್ಲಿ ಎಡಕ್ಕೆ ವಾಲಿತು. ಮನೆಗೆ ಹೋದಳು.

ಬೆಳಿಗ್ಗೆ ಮತ್ತೆ ಕರೆ. ನಲ್ಲಿ ಮತ್ತೆ ನೆಟ್ಟಗಿತ್ತು. ಕಣಜದಲ್ಲಿ ರಾಗಿ ಮೊಳಕೆ ಬಂದಿತ್ತು. ಈ ಸಲ ದೊರೆ ಸಿಟ್ಟಾದ.

"ಚನ್ನಾಜಮ್ಮ, ಊರಿನ ಅನ್ನ ಅದು. ಇನ್ನೊಂದು ಸಲ ಸೋರಿದರೆ ಪಾನ ಇಲ್ಲಿಟ್ಟು ಊರು ಬಿಡು."

ಅವಳಿಗೆ ಅಳುನೂ ಬರಲಿಲ್ಲ. ಈ ಮಂಡಿ ಎಳೆದುಕೊಂಡು ಎಲ್ಲಿಗೆ ಹೋಗೋದು? ಯಾರು ಮುಟ್ಟಿದ್ದು ಅಂತ ಅವಳಿಗೆ ಗೊತ್ತು. ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ಕಾಣಲ್ವಾ? ಆದರೆ ದೊಡ್ಡೋರ ಎದುರು ಬಡವಿ ಮಾತು ಯಾರು ಕೇಳ್ತಾರೆ? ವಾದ ಮಾಡೋಕೆ ತ್ರಾಣವೂ ಇರಲಿಲ್ಲ. ಮೂರನೇ ಸಲ ಬಿಚ್ಚಿದಳು, ಕೆರೆದಳು, ಸುತ್ತಿದಳು, ಬಿಗಿದಳು. ನಲ್ಲಿ ಎಡಕ್ಕೆ ವಾಲಿತು. ಒಂದು ಹನಿ ಇಲ್ಲ.

"ಬುದ್ಧಿ, ಸಾಕಾಗಿದೆ. ಇವತ್ತು ಮನೆಗೆ ಹೋಗಲ್ಲ, ಇಲ್ಲೇ ಕೂತ್ಕೋತೀನಿ. ನೀವೂ ಕೂತ್ಕೊಳ್ಳಿ. ಪಾರುಪತ್ತೇಗಾರರು ನಲ್ಲಿ ಎದುರಿಗೇ ಕೂರಲಿ. ಸೋರುತ್ತಾ ಅಂತ ಎಲ್ಲರೂ ನೋಡೋಣ."

"ಅಷ್ಟೇನಾ?" ಅಂದ ದೊರೆ.

"ಅಷ್ಟೇ."

ಕೂತರು. ಒಂದು ಗಳಿಗೆ ಆಯ್ತು, ಸರ್ವೋತ್ತಮಯ್ಯ ಕತ್ತು ಕೆರೆದುಕೊಂಡ. ಎರಡು ಗಳಿಗೆ ಆಯ್ತು, ಕಣ್ಣು ಮುಚ್ಚಿಕೊಂಡ, ಒಂದೇ ಕಣ್ಣು ತೆರೆದ, ನಲ್ಲಿ ಇನ್ನೂ ವಾಲಿಕೊಂಡೇ ಇತ್ತು. ಮೂರನೇ ಗಳಿಗೆ ಬರೋ ಹೊತ್ತಿಗೆ ಅವನ ಹಣೆ ಬೆವೆತಿತ್ತು. ಚನ್ನಾಜಮ್ಮ ಗೋಡೆಗೊರಗಿ ಆಕಳಿಸಿದಳು.

"ಅಯ್ಯೋ, ನೋಡೋಕಾಗಲ್ಲ ಕಣ್ರೀ! ದಿನಾ ಇದೇ ಗೋಳು!" ಅಂತ ಹಾರಿ ಎದ್ದ, ನಲ್ಲಿ ಹಿಡಿದು ಹೆಬ್ಬೆರಳಷ್ಟು ಬಲಕ್ಕೆ ತಿರುಗಿಸಿಯೇಬಿಟ್ಟ.

ಚಿರ್ ಅಂತ ನೀರು ಅವನ ಮುಖಕ್ಕೇ ಹಾರಿತು.

"ದಿನಾನಾ?" ಅಂದ ದೊರೆ, ಮೆಲ್ಲಗೆ.

ಸರ್ವೋತ್ತಮಯ್ಯ ಸೊಂಟದ ಬೀಗದ ಕೈ ಅಲ್ಲೇ ಬಿಚ್ಚಿ ಇಡಬೇಕಾಯ್ತು. ನೆಂದ ರಾಗಿಯನ್ನೆಲ್ಲ ಅಂಗಳದಲ್ಲಿ ಹರವಿ, ದಿನಕ್ಕೆ ಮೂರು ಸಲ ಕೈಯಾಡಿಸಿ ಒಣಗಿಸೋ ಕೆಲಸ ಅವನಿಗೆ ಬಿತ್ತು. ಹರವಿದ ರಾಗಿ ನೇರ ಸಾಲಲ್ಲಿ ನಿಲ್ಲುತ್ತೇನ್ರಪ್ಪ? ಒದ್ದಾಡಿಹೋದ.

"ತಪ್ಪಾಯ್ತಮ್ಮ. ನಿನ್ನ ಮಾತು ಮೊದಲ ದಿನವೇ ಕೇಳಬೇಕಿತ್ತು" ಅಂದ ದೊರೆ.

"ಕೇಳಬೇಕಿತ್ತು ಬುದ್ಧಿ" ಅಂದಳು ಚನ್ನಾಜಮ್ಮ. "ಈಗ ಒಂದು ಲೋಟ ಮಜ್ಜಿಗೆ ಕೊಡಿಸಿ. ನಾಲ್ಕನೇ ಸಲ ಬಿಚ್ಚಬೇಕು."

ಬಿಗಿದ ತಿರುಪನ್ನ ಅಂದ ನೋಡಿ ಹಿಂದಕ್ಕೆ ತಿರುಗಿಸಬಾರದು. ತನ್ನ ಕೈಯ ತಪ್ಪನ್ನ ಕೆಲಸದೋರ ತಲೆಗೆ ಕಟ್ಟಬಾರದು. ನೀತಿ ಇಷ್ಟೇ. ಕೆಂಗಲ್ಲುದುರ್ಗದ ನಲ್ಲಿ ಇವತ್ತಿಗೂ ಎಡಕ್ಕೇ ವಾಲಿದೆಯಂತೆ, ದೊರೆಮಕ್ಕಳು ಕತ್ತು ವಾರೆ ಮಾಡಿ ಮುಖ ತೊಳೀತಾರಂತೆ, ಕಣಜದ ರಾಗಿ ಮಾತ್ರ ಒಣಗಿದೆಯಂತೆ.